ಉಡುಗೊರೆ ಹೊರೆಯಾಗದಿರಲಿ

ಡಿಸೆಂಬರ್ ಬಂತೆಂದರೆ ನಮ್ಮ ಕಲ್ಯಾಣ ನಗರಕ್ಕೆ ಬೇರೆಯದೇ ಕಳೆ. ಹೊರವರ್ತುಲ ರಸ್ತೆಯಲ್ಲಿ ಮೆಟ್ರೊ ಕಂಬಗಳ ಪಕ್ಕದಲ್ಲಿ ವಾಹನಗಳು ತೆವಳುತ್ತಿದ್ದರೆ, ಒಳಗಿನ ಅಡ್ಡರಸ್ತೆಗಳಲ್ಲಿ ಮನೆಮನೆಯ ಬಾಲ್ಕನಿಯಿಂದ ಕಾಗದದ ನಕ್ಷತ್ರಗಳು ಇಳಿಬಿದ್ದಿರುತ್ತವೆ. ಕಮ್ಮನಹಳ್ಳಿಯ ಬೇಕರಿಗಳಲ್ಲಿ ಪ್ಲಮ್ ಕೇಕಿನ ಪೊಟ್ಟಣಗಳು ಗೋಪುರವಾಗುತ್ತವೆ. ಮೂರು ವಾರ ಕಳೆಯುವಷ್ಟರಲ್ಲಿ ಅದೇ ಬೀದಿಗೆ ಕಬ್ಬಿನ ಜಲ್ಲೆಯೂ ಅವರೆಕಾಯಿಯ ರಾಶಿಯೂ ಬಂದಿಳಿಯುತ್ತವೆ. ಕ್ರಿಸ್‌ಮಸ್ಸಿನಿಂದ ಸಂಕ್ರಾಂತಿಯವರೆಗಿನ ಈ ದಿನಗಳು ಕೊಟ್ಟು ತೆಗೆದುಕೊಳ್ಳುವ ದಿನಗಳು. ಯಾರಿಗೆ ಏನು ಕೊಡುವುದು, ಎಷ್ಟರಲ್ಲಿ ಮುಗಿಸುವುದು ಎಂಬ ಚಿಂತೆ ಮಧ್ಯಮ ವರ್ಗದ ಮನೆಗಳಲ್ಲಿ ತಿಂಗಳ ಲೆಕ್ಕದ ಜೊತೆಯಲ್ಲೇ ತಲೆಯೆತ್ತುತ್ತದೆ.

‘ಎಷ್ಟರಲ್ಲಿ’ ಎಂಬ ಮಾತನ್ನು ನಾವು ಕೊಂಚ ಸಂಕೋಚದಿಂದಲೇ ಆಡುತ್ತೇವೆ. ಬೆಲೆ ಕಡಿಮೆಯಾದರೆ ಪ್ರೀತಿಯೂ ಕಡಿಮೆಯೆಂದು ಯಾರಾದರೂ ತಿಳಿದಾರೆಂಬ ಭಯ. ನನಗೂ ಆ ಭಯವಿತ್ತು. ಅದನ್ನು ಕಳೆದುಕೊಳ್ಳಲು ನಾನು ತೆತ್ತ ಬೆಲೆಯನ್ನು ಹೇಳಿಬಿಡುತ್ತೇನೆ.

ನಮ್ಮ ಎದುರು ಮನೆಯಾಕೆ ಮಂಗಳೂರಿನ ಕಡೆಯವರು. ಪ್ರತಿ ಕ್ರಿಸ್‌ಮಸ್ಸಿಗೆ ಅವರ ಮನೆಯಿಂದ ಒಂದು ತಟ್ಟೆ ಕುಸ್ವಾರ್ ಬರುತ್ತಿತ್ತು: ಕುಲ್‌ಕುಲ್, ನೆವ್ರಿ, ರೋಸ್ ಕುಕಿ, ಒಂದು ತುಂಡು ಕೇಕು. ಖಾಲಿ ತಟ್ಟೆಯನ್ನು ಮರಳಿಸಬಾರದೆಂದು ಕಲಿಸಿದವರು ನನ್ನ ಅಮ್ಮ. ಮನೆಯಲ್ಲಿ ಬೇರೇನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು. ಹಾಗೆಯೇ ನಡೆಯುತ್ತಿತ್ತು. ಸಂಕ್ರಾಂತಿಗೆ ನಮ್ಮ ಮನೆಯ ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಕಾಯಿ ಬೀಜ, ಹುರಿಗಡಲೆಯ ಮಿಶ್ರಣ, ಮೇಲೊಂದು ಸಕ್ಕರೆ ಅಚ್ಚು ಅವರ ಮನೆಗೆ ಹೋಗುತ್ತಿತ್ತು. ಹಲವು ವರ್ಷ ಯಾರೂ ಲೆಕ್ಕವಿಡಲಿಲ್ಲ.

2008ರ ಡಿಸೆಂಬರಿನಲ್ಲಿ ನನ್ನ ಕೈಗೆ ಬಾಕಿ ವೇತನದ ದೊಡ್ಡ ಮೊತ್ತ ಬಂದಿತ್ತು. ಆಕೆ ಹಳೆಯ ಅಲ್ಯೂಮಿನಿಯಂ ಒಲೆಯಲ್ಲಿ ಕೇಕು ಸುಡುವ ಕಷ್ಟವನ್ನು ಕಂಡಿದ್ದ ನಾನು ಹೊಸ ಓವನ್ ಒಂದನ್ನು ಕೊಂಡು, ಬಣ್ಣದ ಕಾಗದ ಸುತ್ತಿಸಿ, ಹಬ್ಬದ ಹಿಂದಿನ ದಿನ ಒಪ್ಪಿಸಿಬಂದೆ. “ಇಷ್ಟೆಲ್ಲ ಯಾಕೆ ಅಕ್ಕಾ?” ಎಂದರು. ಅದನ್ನು ನಾನು ಸಂತೋಷವೆಂದೇ ತಿಳಿದೆ. ಮೂರು ವಾರದ ಮೇಲೆ ನಾನು ಎಳ್ಳು ಬೀರಲು ಹೋದಾಗ ತಟ್ಟೆಯಲ್ಲಿ ಸಕ್ಕರೆಯ ಬದಲು ರೇಷ್ಮೆ ಸೀರೆಯೊಂದಿತ್ತು. ಮುಂದಿನ ಡಿಸೆಂಬರಿನಲ್ಲಿ ತಟ್ಟೆಯೇ ಬರಲಿಲ್ಲ. ಬೀದಿಯಲ್ಲಿ ಎದುರಾದರೆ ಆಕೆ ಮಾತನ್ನು ಬೇಗ ಮುಗಿಸಿ ಒಳಗೆ ಹೋಗುತ್ತಿದ್ದರು. ನಾನು ಓವನ್ ಕೊಟ್ಟ ಆ ತಿಂಗಳಲ್ಲೇ ಅವರ ಪತಿ ಕೆಲಸ ಕಳೆದುಕೊಂಡಿದ್ದರೆಂದೂ, ಸೀರೆಗಾಗಿ ಆಕೆ ಬಳೆಯನ್ನು ಅಡವಿಟ್ಟಿದ್ದರೆಂದೂ ಅವರ ಅತ್ತೆಯ ಬಾಯಿಂದ ತಿಳಿಯುವಷ್ಟರಲ್ಲಿ ವರ್ಷ ಕಳೆದಿತ್ತು.

ನಾನು ಕೊಟ್ಟದ್ದು ಉಡುಗೊರೆಯಲ್ಲ, ಸಾಲ. ಅದೂ ಕೇಳದೆ ಕೊಟ್ಟ ಸಾಲ.

ನಮ್ಮ ಹಿರಿಯರಿಗೆ ಈ ಸೂಕ್ಷ್ಮ ತಿಳಿದಿತ್ತು. ಹಳೇ ಮೈಸೂರಿನ ಮದುವೆ ಮನೆಗಳಲ್ಲಿ ‘ಮುಯ್ಯಿ’ ಬರೆಸುವ ಪದ್ಧತಿಯಿದೆ. ಯಾರು ಎಷ್ಟು ಕೊಟ್ಟರೆಂಬುದು ಪುಸ್ತಕದಲ್ಲಿ ದಾಖಲಾಗುತ್ತದೆ; ಅವರ ಮನೆಯ ಮದುವೆಯಲ್ಲಿ ಅದನ್ನು ಮರಳಿಸಬೇಕು. ಬಡವರಿಗೆ ಮದುವೆಯ ಖರ್ಚು ಹಗುರವಾಗಲೆಂದು ಊರು ಹೂಡಿಕೊಂಡ ಏರ್ಪಾಡು ಅದು. ಆದರೆ ‘ಮುಯ್ಯಿ ತೀರಿಸಿಕೊಳ್ಳುವುದು’ ಎಂದರೆ ಸೇಡು ತೀರಿಸಿಕೊಳ್ಳುವುದು ಎಂಬ ಅರ್ಥವೂ ಕನ್ನಡದಲ್ಲಿದೆ. ಉಪಕಾರಕ್ಕೂ ಹಗೆಗೂ ಒಂದೇ ಮಾತು. ಜರ್ಮನ್ ಭಾಷೆಯಲ್ಲಿ ‘ಗಿಫ್ಟ್’ ಎಂದರೆ ವಿಷ. ಉಡುಗೊರೆಯ ಬಗ್ಗೆ 1925ರಲ್ಲಿ ಪ್ರಸಿದ್ಧ ಪ್ರಬಂಧ ಬರೆದ ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮೋಸ್ ಹೇಳಿದ್ದೂ ಇದನ್ನೇ: ಕೊಡುವುದು, ಸ್ವೀಕರಿಸುವುದು, ಮರಳಿಸುವುದು ಮೂರೂ ಸಮಾಜ ಹೊರಿಸುವ ಕಟ್ಟುಪಾಡುಗಳು, ಮರಳಿಸಲಾಗದವನು ಕುಬ್ಜನಾಗುತ್ತಾನೆ.

ಇನ್ನೊಂದು ಲೆಕ್ಕವೂ ಇದೆ. ಅಮೆರಿಕದ ಅರ್ಥಶಾಸ್ತ್ರಜ್ಞ ಜೋಯೆಲ್ ವಾಲ್ಡ್‌ಫೋಗೆಲ್ 1993ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಕ್ರಿಸ್‌ಮಸ್ ಉಡುಗೊರೆ ಪಡೆದ ವಿದ್ಯಾರ್ಥಿಗಳನ್ನು ಭಾವನೆಯ ಬೆಲೆ ಬಿಟ್ಟು ಆ ವಸ್ತು ನಿಮಗೆ ಎಷ್ಟಕ್ಕೆ ಸಮ ಎಂದು ಕೇಳಿದರು. ಕೊಟ್ಟವರು ವ್ಯಯಿಸಿದ ಹಣದಲ್ಲಿ ಶೇ 10ರಿಂದ ಮೂರನೆಯ ಒಂದು ಭಾಗದವರೆಗೆ ಪಡೆದವರ ಪಾಲಿಗೆ ವ್ಯರ್ಥವಾಗಿತ್ತು. ಸ್ನೇಹಿತರ ಉಡುಗೊರೆಯಲ್ಲಿ ನಷ್ಟ ಕಡಿಮೆ, ದೂರದ ಬಂಧುಗಳ ಉಡುಗೊರೆಯಲ್ಲಿ ಹೆಚ್ಚು. ನಮ್ಮ ಅಟ್ಟಗಳ ಮೇಲೆ ಪೆಟ್ಟಿಗೆಯನ್ನೇ ಬಿಚ್ಚದೆ ಕುಳಿತಿರುವ ಗಾಜಿನ ಲೋಟಗಳೂ ಗೋಡೆ ಗಡಿಯಾರಗಳೂ ಇದಕ್ಕೆ ಸಾಕ್ಷಿ. ಅಂಥವು ಮನೆಯಿಂದ ಮನೆಗೆ ದಾಟುತ್ತಾ ಕೊಟ್ಟವರ ಕೈಗೇ ಮರಳಿ ಬಂದ ಪ್ರಸಂಗಗಳೂ ಉಂಟು.

ಹಾಗಾದರೆ ಏನು ಕೊಡಬೇಕು? ನನ್ನ ಅಳತೆ ಸರಳವಾಗಿದೆ. ಒಂದು ಚಮಚ ಸಕ್ಕರೆಯಿಂದ ಯಾವುದರ ಋಣ ತೀರೀತೋ ಅಂಥದ್ದನ್ನು ಕೊಡಬೇಕು. ಪಡೆಯುವವರನ್ನು ಬಲ್ಲವರು ಮಾತ್ರ ಕೊಡಬಹುದಾದದ್ದನ್ನು ಕೊಡಬೇಕು. ಈ ಅಳತೆಗೆ ಒಗ್ಗುವ ಕೆಲವನ್ನು ಇಲ್ಲಿ ಹೇಳಬಹುದು.

ಮಕ್ಕಳಿರುವ ಮನೆಗೆ ಚನ್ನಪಟ್ಟಣದ ಆಟಿಕೆ. ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್ ದೂರದ ಆ ಊರಿನಲ್ಲಿ ತಿರುಗುವ ಮರಕ್ಕೆ ಬಣ್ಣದ ಅರಗನ್ನು ಒತ್ತುತ್ತಾರೆ. ಉಜ್ಜುವಿಕೆಯ ಶಾಖಕ್ಕೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಮೂಲೆಗಳೆಲ್ಲ ದುಂಡಗಿರುವುದರಿಂದ ಕೂಸಿನ ಕೈಗೆ ಹಿತ. ಗಿಲಕಿ, ಬುಗುರಿಗಳು ಕೆಲವೇ ನೂರು ರೂಪಾಯಿಗೆ ದೊರೆಯುತ್ತವೆ. ಬ್ಯಾಟರಿಯ ಆಟಿಕೆ ಸಂಕ್ರಾಂತಿಗೆ ಮುನ್ನ ಸತ್ತರೂ ಬುಗುರಿ ತಿರುಗುತ್ತಿರುತ್ತದೆ.

ಪರದೇಶದಿಂದ ರಜೆಗೆ ಬಂದು ಹಿಂದಿರುಗುವ ಮಗಳಿಗೋ ಅಳಿಯನಿಗೋ ಮೈಸೂರು ಸ್ಯಾಂಡಲ್ ಸಾಬೂನು. ಮೊದಲ ಮಹಾಯುದ್ಧದಿಂದ ಶ್ರೀಗಂಧದ ರಫ್ತು ನಿಂತು ಕೊರಡುಗಳು ರಾಶಿ ಬಿದ್ದಾಗ, 1916ರಲ್ಲಿ ಮೈಸೂರು ಸಂಸ್ಥಾನ ತಾನೇ ಗಂಧದೆಣ್ಣೆ ತೆಗೆಯಲು ಹೊರಟಿತು. ಸಾಬೂನು ಅದರ ಬೆನ್ನಿಗೇ ಬಂತು. ಪೆಟ್ಟಿಗೆ ತೆರೆದ ಕೂಡಲೇ ಊರು ನೆನಪಾಗುವ ವಸ್ತು ಇಷ್ಟು ಅಗ್ಗಕ್ಕೆ ಇನ್ನಾವುದಿದೆ? ಜೊತೆಗೆ ಅವರವರ ರುಚಿಗೆ ಚಿಕೋರಿ ಬೆರೆಸಿಯೋ ಬೆರೆಸದೆಯೋ ಪುಡಿ ಮಾಡಿಸಿದ ಕಾಲು ಕಿಲೋ ಕಾಫಿ ಇಟ್ಟರಂತೂ ಮುಗಿಯಿತು.

ಓದುವವರಿಗೆ ಪುಸ್ತಕ. ಕನ್ನಡ ಪುಸ್ತಕ ಪ್ರಾಧಿಕಾರ, ಕನ್ನಡ ಸಾಹಿತ್ಯ ಪರಿಷತ್ತುಗಳು ನವೆಂಬರಿನಲ್ಲಿ ರಿಯಾಯಿತಿ ದರದಲ್ಲಿ ಪುಸ್ತಕ ಮಾರುತ್ತಾ ಬಂದಿವೆ. ಆಗಲೇ ಕೊಂಡಿಟ್ಟುಕೊಂಡರೆ ಒಂದು ಹೋಟೆಲ್ ಊಟದ ಹಣದಲ್ಲಿ ಮೂರು ಮನೆಗಳ ಉಡುಗೊರೆ ಮುಗಿಯುತ್ತದೆ. ಆದರೆ ನೀವು ಓದಿ ಮೆಚ್ಚಿದ್ದನ್ನೇ ಕೊಡಿ. ಒಳಪುಟದಲ್ಲಿ ಈ ಪುಸ್ತಕ ನಿಮಗೇ ಏಕೆ ಎಂದು ನಾಲ್ಕು ಸಾಲು ಬರೆಯಿರಿ. ಆ ನಾಲ್ಕು ಸಾಲೇ ನಿಜವಾದ ಉಡುಗೊರೆ.

ಫ್ಲ್ಯಾಟಿನ ನೆರೆಯವರಿಗೆ ದೊಡ್ಡಪತ್ರೆ. ಒಂದು ಕಡ್ಡಿ ಮುರಿದು ಮಣ್ಣಿನ ಕುಂಡದಲ್ಲಿ ನೆಟ್ಟರೆ ಕೆಲವೇ ವಾರಗಳಲ್ಲಿ ಬೇರು ಬಿಡುತ್ತದೆ. ಖರ್ಚು ಕುಂಡದ್ದಷ್ಟೇ. ಮಗುವಿಗೆ ಕೆಮ್ಮು ಬಂದಾಗಲೋ ತಂಬುಳಿ ಮಾಡುವಾಗಲೋ ಎಲೆ ಕಿತ್ತರೆ ನಿಮ್ಮ ನೆನಪು.

ವಯಸ್ಸಾದವರಿಗೆ ವಸ್ತುಗಳು ಬೇಡ. ಮಕ್ಕಳು ವಿದೇಶದಲ್ಲಿರುವ ತಂದೆತಾಯಿಯರು ನಮ್ಮ ಬಡಾವಣೆಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನವೆಂಬರಿನಲ್ಲಿ ಪಿಂಚಣಿಗಾಗಿ ತಾವು ಬದುಕಿದ್ದೇವೆಂದು ಪ್ರಮಾಣಪತ್ರ ಕೊಡಬೇಕಾದಾಗ ಬ್ಯಾಂಕಿಗೆ ಜೊತೆಯಾಗಿ ಹೋಗಿಬನ್ನಿ. ಫೋನಿನಲ್ಲಿ ಅಕ್ಷರಗಳನ್ನು ದೊಡ್ಡದು ಮಾಡಿಕೊಡಿ. ಹಳೆಯ ಫೋಟೊಗಳ ಹಿಂದೆ ಯಾರು ಯಾರೆಂದು ಅವರ ಬಾಯಿಂದ ಕೇಳಿ ಪೆನ್ಸಿಲ್ಲಿನಲ್ಲಿ ಬರೆದಿಡಿ. ಒಂದು ಮಧ್ಯಾಹ್ನ ಸಾಕು. ಅವರು ತೀರಿಕೊಂಡ ಮೇಲೆ ಎಷ್ಟು ಹಣ ಕೊಟ್ಟರೂ ಆ ಹೆಸರುಗಳು ಸಿಗುವುದಿಲ್ಲ.

ಒಂದು ಎಚ್ಚರಿಕೆಯನ್ನೂ ಇಲ್ಲಿ ಹೇಳಬೇಕು. ಮನೆಗೆಲಸದವರಿಗೆ, ಕಾವಲುಗಾರರಿಗೆ, ಕಸ ಒಯ್ಯುವವರಿಗೆ ಈ ಅಗ್ಗದ ಸೂತ್ರವನ್ನು ಅನ್ವಯಿಸಬಾರದು. ಅವರಿಗೆ ಹಬ್ಬದಲ್ಲಿ ಸಲ್ಲಬೇಕಾದದ್ದು ಹಣ, ಅದೂ ಹಬ್ಬಕ್ಕೆ ಮುಂಚೆ. ನಮಗೆ ಬೇಡವಾದ ಸೀರೆಯನ್ನೂ ಉಳಿದ ಸಿಹಿಯನ್ನೂ ಕೊಟ್ಟು ಉಡುಗೊರೆಯೆಂದು ಕರೆಯುವುದು ಸಲ್ಲದು. ಬರಬೇಕಾದ ಹಕ್ಕು ಬಂದ ಮೇಲೆ ಪ್ರೀತಿಯಿಂದ ಕೊಟ್ಟದ್ದಷ್ಟೇ ಉಡುಗೊರೆ.

ಎದುರು ಮನೆಯ ಕಥೆ ಅಲ್ಲಿಗೇ ನಿಲ್ಲಲಿಲ್ಲ. ಸೀರೆಯನ್ನು ಮರಳಿಸುವಂತಿರಲಿಲ್ಲ, ಕ್ಷಮೆ ಕೇಳಿದ್ದರೆ ಅವರ ಕಷ್ಟ ನನಗೆ ತಿಳಿದಿದೆಯೆಂದು ಹೇಳಿದಂತಾಗುತ್ತಿತ್ತು. 2010ರ ಮಳೆಗಾಲದ ಒಂದು ಸಂಜೆ ಸಾರಿಗೆ ಕೂತಿದ್ದೆ, ಹುಣಸೆಹಣ್ಣು ಮುಗಿದಿತ್ತು. ಮಳೆ ನಿಲ್ಲುವಂತಿರಲಿಲ್ಲ. ಎದುರಿನ ಬಾಗಿಲು ತಟ್ಟಿ ಒಂದಿಷ್ಟು ಹುಣಸೆಹಣ್ಣು ಇದೆಯೇ ಎಂದು ಕೇಳಿದೆ. ಆಕೆ ಒಂದು ಕ್ಷಣ ನನ್ನನ್ನೇ ನೋಡಿದರು. ಆಮೇಲೆ ಬಟ್ಟಲು ತುಂಬ ತಂದುಕೊಟ್ಟು, “ಇನ್ನೂ ಬೇಕಾದರೆ ಕೇಳಿ ಅಕ್ಕಾ” ಎಂದರು. ಮರುದಿನ ಆ ಬಟ್ಟಲಿಗೆ ಚಟ್ನಿಪುಡಿ ತುಂಬಿ ಮರಳಿಸಿದೆ. ಡಿಸೆಂಬರಿನಲ್ಲಿ ಕುಸ್ವಾರ್ ತಟ್ಟೆ ಬಂತು.

ಕೊಟ್ಟು ಕೆಡಿಸಿದ್ದನ್ನು ಕೇಳಿ ಸರಿಪಡಿಸಿಕೊಂಡೆ. ಇನ್ನೊಬ್ಬರಿಗೆ ಕೊಡುವ ಅವಕಾಶ ಮಾಡಿಕೊಡುವುದೂ ಒಂದು ಉಡುಗೊರೆಯೇ ಎಂಬುದು ನನಗೆ ಅಂದು ಹೊಳೆಯಿತು. ಅದಕ್ಕೆ ತಗಲುವ ಖರ್ಚು ನಮ್ಮ ಬಿಗುಮಾನದ್ದು ಮಾತ್ರ.

ಈ ಸಲವೂ ತಟ್ಟೆ ಬರುತ್ತದೆ. ಸಂಕ್ರಾಂತಿಗೆ ಇನ್ನೂ ಮೂರು ವಾರವಿರುವುದರಿಂದ ಅದನ್ನು ತೊಳೆದು, ಒರೆಸಿ, ಒಂದು ಚಮಚ ಸಕ್ಕರೆ ಹಾಕಿ ಕೊಡುತ್ತೇನೆ. ಅಷ್ಟು ಸಾಕೆಂದು ಈಗ ನಮ್ಮಿಬ್ಬರಿಗೂ ಗೊತ್ತು.