ಸುಣ್ಣದ ಲೆಕ್ಕ ತಪ್ಪಿದಾಗ

ಏಪ್ರಿಲ್ ತಿಂಗಳ ಕೊನೆಯ ಭಾಗದಲ್ಲಿ ಉಡಿಗಾಲದ ಹೊಲದಲ್ಲಿ ನಡುಹಗಲು ನಿಂತವನ ನೆರಳು ಅವನ ಕಾಲಡಿಯಲ್ಲಿಯೇ ಅಡಗುತ್ತದೆ. ಚಾಮರಾಜನಗರ, ಗುಂಡ್ಲುಪೇಟೆಗಳ ಸೀಮೆಯು ಭೂಮಧ್ಯರೇಖೆಯಿಂದ ಸುಮಾರು 12 ಡಿಗ್ರಿ ಉತ್ತರಕ್ಕಿರುವುದರಿಂದ ವರ್ಷಕ್ಕೆ ಎರಡು ಬಾರಿ ಸೂರ್ಯನು ಇಲ್ಲಿ ನೆತ್ತಿಯ ಮೇಲೆ ಬರುತ್ತಾನೆ. ಊಟಕ್ಕೆ ರಾಗಿಮುದ್ದೆಯುಂಟು, 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಬಿಸಿಲೂ ಸುಣ್ಣವೂ ಇಷ್ಟು ಧಾರಾಳವಾಗಿರುವಲ್ಲಿ ಮೂಳೆ ಸವೆಯುವ ರೋಗಕ್ಕೆ ಎಡೆಯೆಲ್ಲಿ ಎಂದು ವಾಚಕರು ಕೇಳಬಹುದು. ಎಡೆಯುಂಟು. ರಾಗಿಯಲ್ಲಿರುವ ಫೈಟೇಟ್ ಎಂಬ ವಸ್ತು ಸುಣ್ಣದ ಒಂದು ಪಾಲನ್ನು ಕರುಳು ಹೀರದಂತೆ ತಡೆಹಿಡಿಯುತ್ತದೆ. ದಿನವಿಡೀ ಸೂರಿನಡಿ ದುಡಿಯುವವರಿಗೆ ಹೊರಗಿನ ಬಿಸಿಲು ಇದ್ದೂ ಇಲ್ಲದಂತೆಯೇ. ಇವೆರಡಕ್ಕಿಂತ ಸೋಜಿಗದ ಕಾರಣವೊಂದು ನಮ್ಮ ಕೊರಳಿನಲ್ಲಿದೆ.

ಥೈರಾಯಿಡ್ ಗ್ರಂಥಿಯ ಹಿಂಬದಿಗೆ ಅಂಟಿಕೊಂಡು ಸಾಮಾನ್ಯವಾಗಿ ನಾಲ್ಕು ಪ್ಯಾರಾಥೈರಾಯಿಡ್ ಗ್ರಂಥಿಗಳಿರುತ್ತವೆ. ಒಂದೊಂದೂ ಬೇಳೆಕಾಳಿನಷ್ಟೇ ಚಿಕ್ಕದು. ಇವನ್ನು ಮೊದಲು ಗುರುತಿಸಿದ್ದು ಮನುಷ್ಯನಲ್ಲಲ್ಲ, ನಮ್ಮ ದೇಶದ ಘೇಂಡಾಮೃಗದಲ್ಲಿ! ಲಂಡನ್ನಿನ ಮೃಗಾಲಯದಲ್ಲಿ 1849ರಲ್ಲಿ ಸತ್ತ ಆ ಪ್ರಾಣಿಯನ್ನು ಕೊಯ್ದು ನೋಡಿದವರು ರಿಚರ್ಡ್ ಓವನ್. ಮನುಷ್ಯನ ಗ್ರಂಥಿಗಳನ್ನು 1880ರಲ್ಲಿ ವಿವರಿಸಿದವರು ಸ್ವೀಡನ್ನಿನ ಐವರ್ ಸ್ಯಾಂಡ್‌ಸ್ಟ್ರಾಮ್.

ರಕ್ತದಲ್ಲಿ ಪ್ರತಿ 100 ಮಿಲಿಲೀಟರಿಗೆ ಸುಮಾರು 8.5ರಿಂದ 10.5 ಮಿಲಿಗ್ರಾಂ ಕ್ಯಾಲ್ಸಿಯಂ ಇರಬೇಕು. ಅದು ತುಸು ಇಳಿದರೂ ಈ ಗ್ರಂಥಿಗಳು ತಮ್ಮ ಹಾರ್ಮೋನನ್ನು ಸುರಿಸುತ್ತವೆ. ಮೂಳೆಯಿಂದ ಸುಣ್ಣ ಕರಗಿ ರಕ್ತಕ್ಕೆ ಬರುತ್ತದೆ. ಜೀವಸತ್ವ ಡಿಯ ಪಾತ್ರವೂ ಇಲ್ಲಿಯೇ. ಬಿಸಿಲಿನಿಂದ ಚರ್ಮದಲ್ಲಿ ಹುಟ್ಟಿದ ಈ ವಸ್ತು ಯಕೃತ್ತಿನಲ್ಲಿ ಮಾರ್ಪಟ್ಟು, ದಾಸ್ತಾನಿನ ರೂಪದಲ್ಲಿ ರಕ್ತದಲ್ಲಿ ಸಂಚರಿಸುತ್ತದೆ. ಕಣಜದ ಭತ್ತವನ್ನು ಹಾಗೆಯೇ ಉಣ್ಣಲಾಗದಷ್ಟೆ. ಮೂತ್ರಪಿಂಡವೆಂಬ ಗಿರಣಿಯಲ್ಲಿ ಅದು ಕಾರ್ಯಶೀಲ ರೂಪವನ್ನು ಪಡೆದ ಬಳಿಕವೇ ಕರುಳು ಸುಣ್ಣವನ್ನು ಚೆನ್ನಾಗಿ ಹೀರುವಂತಾಗುವುದು. ಆ ಗಿರಣಿಯನ್ನು ಚಾಲೂ ಮಾಡುವುದು ಪ್ಯಾರಾಥೈರಾಯಿಡ್ ಹಾರ್ಮೋನು.

ಈಗ ಒಂದು ಗ್ರಂಥಿಯಲ್ಲಿ ಗಂಟು ಬೆಳೆದು ಅದು ಅಂಕೆಯಿಲ್ಲದೆ ಹಾರ್ಮೋನು ಸುರಿಸತೊಡಗಿತೆನ್ನಿ. ಗಿರಣಿಯು ಬಿಡುವಿಲ್ಲದೆ ತಿರುಗುತ್ತದೆ, ಕಣಜ ಬರಿದಾಗುತ್ತದೆ. ಅಷ್ಟೇ ಅಲ್ಲ, ಕಾರ್ಯಶೀಲ ರೂಪವು ಹೆಚ್ಚಿದಾಗ ದಾಸ್ತಾನನ್ನು ಒಡೆದು ಹೊರಹಾಕುವ ಕ್ರಿಯೆಯೂ ಚುರುಕಾಗುತ್ತದೆ. ಪ್ರಯೋಗಶಾಲೆಗಳು ಸಾಮಾನ್ಯವಾಗಿ ಅಳೆಯುವುದು ದಾಸ್ತಾನನ್ನೇ. ಆದುದರಿಂದ ಇಂಥ ರೋಗಿಯ ವರದಿಯಲ್ಲಿ ‘ಜೀವಸತ್ವ ಡಿ ಕಡಿಮೆ’ ಎಂದು ಬರುವುದುಂಟು. ಆದರೆ ಅವನ ರಕ್ತದ ಕ್ಯಾಲ್ಸಿಯಂ ಆಗಲೇ ಮಿತಿ ಮೀರಿರುತ್ತದೆ.

ಬರಿಯ ಬಿಸಿಲಿನ ಕೊರತೆಯಿಂದಲೂ ಇದೇ ವರದಿ ಬರುತ್ತದೆ, ಹಾರ್ಮೋನೂ ಏರುತ್ತದೆ. ಆದರೆ ಅಲ್ಲಿ ಗ್ರಂಥಿಯ ದೋಷವಿಲ್ಲ. ಇಳಿಯುತ್ತಿರುವ ಸುಣ್ಣವನ್ನು ಎತ್ತಲು ಅದು ಹೆಣಗುತ್ತಿರುತ್ತದೆ, ಕ್ಯಾಲ್ಸಿಯಂ ಕಡಿಮೆಯೋ ಸಮವೋ ಇರುತ್ತದೆ. ಎರಡೂ ಒಬ್ಬನಲ್ಲಿಯೇ ಸೇರಿದರೆ ತೊಡಕು ಇನ್ನೂ ಹೆಚ್ಚು. ಏರಬೇಕಾದ ಕ್ಯಾಲ್ಸಿಯಂ ಕೊರತೆಯ ಮರೆಯಲ್ಲಿ ಸಮವಾಗಿಯೇ ತೋರಬಹುದು. ಭಾರತದ ರೋಗಿಗಳಲ್ಲಿ ಮೂಳೆಯ ಹಾನಿ ಪಶ್ಚಿಮದವರಿಗಿಂತ ಹೆಚ್ಚಾಗಿ ಕಂಡುಬರುವುದಕ್ಕೆ ಈ ಕೊರತೆಯೂ ಒಂದು ಕಾರಣವೆಂದು ವೈದ್ಯರು ಎಣಿಸುತ್ತಾರೆ.

ಮೈಕೈ ನೋವೆಂದೊಡನೆ 6 ಲಕ್ಷ ಯೂನಿಟ್ಟಿನ ಚುಚ್ಚುಮದ್ದನ್ನು ಕೇಳಿ ಹಾಕಿಸಿಕೊಳ್ಳುವ ಅಭ್ಯಾಸ ನನಗೆ ಭಯವನ್ನುಂಟುಮಾಡುವುದು ಇದಕ್ಕಾಗಿಯೇ. ಗ್ರಂಥಿ ಕೆಟ್ಟವನಲ್ಲಿ ಅದು ಕ್ಯಾಲ್ಸಿಯಮನ್ನು ಮತ್ತಷ್ಟು ಏರಿಸಿ ವಾಂತಿ, ಬುದ್ಧಿಭ್ರಮೆ, ಮೂತ್ರಪಿಂಡದ ಹಾನಿಗಳಿಗೆ ದಾರಿಮಾಡಬಹುದು. ಹಾಗೆಂದು ಕೊರತೆಯನ್ನು ತುಂಬದೆ ಬಿಡುವುದೂ ಸಲ್ಲದು. ವೈದ್ಯರು ಮಿತವಾದ ಪ್ರಮಾಣವನ್ನು ಕೊಡುತ್ತ, ಕ್ಯಾಲ್ಸಿಯಮನ್ನು ಮತ್ತೆ ಮತ್ತೆ ಅಳೆಯುತ್ತಾರೆ.

ಕೆಟ್ಟ ಗ್ರಂಥಿಯನ್ನು ತೆಗೆದುಹಾಕುವುದೇ ನಿಜವಾದ ಪರಿಹಾರ. ಅಮೆರಿಕದ ಹಡಗಿನ ಕಪ್ತಾನ ಚಾರ್ಲ್ಸ್ ಮಾರ್ಟೆಲ್ ಮೂಳೆಗಳು ಕುಸಿದು ಹಲವು ಅಂಗುಲ ಕುಳ್ಳಾಗಿದ್ದನು. ಕೊರಳಿನಲ್ಲಿ ಎಷ್ಟು ಹುಡುಕಿದರೂ ಗಂಟು ಸಿಕ್ಕಲಿಲ್ಲ. 1932ರಲ್ಲಿ, ಏಳನೆಯ ಶಸ್ತ್ರಕ್ರಿಯೆಯಲ್ಲಿ, ಅದು ಎದೆಗೂಡಿನೊಳಗೆ ದೊರೆಯಿತು. ಮೂತ್ರಪಿಂಡಗಳು ಆಗಲೇ ಹಾಳಾಗಿದ್ದ ಆತನು ಕೆಲವು ವಾರಗಳಲ್ಲಿ ತೀರಿಕೊಂಡನು. ಗಂಟು ಹೋದೊಡನೆ ಹಸಿದ ಮೂಳೆಗಳು ರಕ್ತದ ಸುಣ್ಣವನ್ನು ಸೆಳೆದುಕೊಳ್ಳುವುದರಿಂದ ಕೈಕಾಲು ಸೆಟೆದುಕೊಳ್ಳುವುದುಂಟು. ಶಸ್ತ್ರಕ್ರಿಯೆಗೆ ಮುನ್ನವೇ ಜೀವಸತ್ವ ಡಿಯ ಕಣಜವನ್ನು ಎಚ್ಚರಿಕೆಯಿಂದ ತುಂಬಿಸುವುದು ಆ ಹಸಿವಿನ ದಿನಗಳಿಗಾಗಿ.