ಒಪ್ಪ ಓರಣದ ಪ್ರಶ್ನೆಗೆ ಇಂಗ್ಲಿಷಿನಲ್ಲಿ ಉತ್ತರ

ನರ್ಸಿಂಗ್ ಮುಗಿಸಿದ ಹುಡುಗಿಯೊಬ್ಬಳು ತಿಂಗಳ ಹಿಂದೆ ನನ್ನ ದವಾಖಾನೆಗೆ ಬಂದಿದ್ದಳು. ಬ್ರಿಟನ್ನಿನಲ್ಲಿ ಕೆಲಸಕ್ಕೆ ಸೇರಬೇಕೆಂದು ಐಇಎಲ್‌ಟಿಎಸ್ ಪರೀಕ್ಷೆಗೆ ತಯಾರಿ ನಡೆಸಿದ್ದಾಳೆ. "ಡಾಕ್ಟರ್ ಸಾಬ್, ಇಂಗ್ಲಿಷ್ ಮಾತಾಡಲು ಕುಳಿತರೆ ಗಂಟಲು ಒಣಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಏನಾದರೂ ಔಷಧ ಕೊಡಿ" ಎಂದಳು. ನಾಡಿ ನೋಡಿದೆ, ರಕ್ತದೊತ್ತಡ ನೋಡಿದೆ. ಕಾಯಿಲೆ ಏನೂ ಇರಲಿಲ್ಲ.

"ಯಾವ ಪ್ರಶ್ನೆಗೆ ಹೆದರುತ್ತೀಯ ಬೇಟಿ?" ಎಂದು ಕೇಳಿದೆ. "ಹೌ ಡು ಯು ಕೀಪ್ ಥಿಂಗ್ಸ್ ಟೈಡಿ?" ಎಂದಳು. ಉತ್ತರ ಹೇಳು ಎಂದಾಗ ಬಾಯಿಪಾಠ ಒಪ್ಪಿಸಿದಳು: "ಕ್ಲೆನ್ಲಿನೆಸ್ ಈಸ್ ವೆರಿ ಇಂಪಾರ್ಟೆಂಟ್ ಇನ್ ಅವರ್ ಲೈಫ್..." ಎರಡನೇ ವಾಕ್ಯಕ್ಕೆ ಮಾತು ನಿಂತಿತು.

ಈ ಪರೀಕ್ಷೆಯ ಮಾತಿನ ಭಾಗ 11ರಿಂದ 14 ನಿಮಿಷದ್ದು. ಮೊದಲ 4-5 ನಿಮಿಷ ಮನೆ, ಊರು, ದಿನಚರಿಯಂತಹ ಪರಿಚಿತ ವಿಷಯಗಳನ್ನು ಕೇಳುತ್ತಾರೆ. ಬಳಿಕ ಒಂದು ವಿಷಯ ಕೊಟ್ಟು, ಯೋಚಿಸಲು ಒಂದು ನಿಮಿಷ ಬಿಟ್ಟು, ಒಂದೆರಡು ನಿಮಿಷ ಮಾತಾಡಿಸುತ್ತಾರೆ. ಕೊನೆಗೆ ಅದೇ ವಿಷಯದ ಮೇಲೆ ಚರ್ಚೆ. ಅಂಕ ಕೊಡುವುದು ನಾಲ್ಕು ವಿಷಯಗಳಿಗೆ: ತಡೆಯಿಲ್ಲದ ಜೋಡಣೆಯುಳ್ಳ ಮಾತು, ಪದಸಂಪತ್ತು, ವ್ಯಾಕರಣ, ಉಚ್ಚಾರಣೆ. ನಾಲ್ಕಕ್ಕೂ ಸಮಾನ ಬೆಲೆ. ಬಾಯಿಪಾಠವನ್ನು ಪರೀಕ್ಷಕರು ಬೇಗ ಗುರುತಿಸುತ್ತಾರೆ. ಬ್ರಿಟನ್ನಿನಲ್ಲಿ ನರ್ಸ್ ಆಗಿ ನೋಂದಾಯಿಸಲು ಮಾತಿನ ಭಾಗದಲ್ಲಿ 9ಕ್ಕೆ 7 ಬೇಕು.

ಶುಚಿ ಬೇರೆ, ಓರಣ ಬೇರೆ

ಅವಳ ಮೊದಲ ತೊಡಕು ಅರ್ಥದ್ದು. ‘ಕ್ಲೀನ್’ ಎಂದರೆ ಕೊಳೆ ಇಲ್ಲದ್ದು, ‘ಟೈಡಿ’ ಎಂದರೆ ಆಯಾ ವಸ್ತು ಅದರದರ ಜಾಗದಲ್ಲಿರುವುದು. ಒರೆಸಿದ ನೆಲದ ಮೇಲೆ ಬಟ್ಟೆ ಹರಡಿದ್ದರೆ ಕೋಣೆ ಶುಚಿ, ಆದರೆ ಓರಣವಿಲ್ಲ. ಪ್ರಶ್ನೆ ಓರಣದ ಬಗ್ಗೆ ಇದ್ದಾಗ ಸಾಬೂನು, ಫಿನಾಯಿಲ್ ಎಂದು ಹೇಳಿದರೆ ಉತ್ತರ ದಾರಿ ತಪ್ಪುತ್ತದೆ. ‘ಫೋಲ್ಡ್’ (ಮಡಚು), ‘ಸಾರ್ಟ್’ (ವಿಂಗಡಿಸು), ‘ಪುಟ್ ಅವೇ’ (ಅದರ ಜಾಗದಲ್ಲಿ ತೆಗೆದಿಡು), ‘ಥ್ರೋ ಅವೇ’ (ಎಸೆದುಬಿಡು) ಎಂಬ ನಾಲ್ಕು ಪದ ಕೈಯಲ್ಲಿದ್ದರೆ ಸಾಕು.

ಎರಡನೆಯದು ಕನ್ನಡದ ಪ್ರಭಾವ. ‘ನಾನು ಇಡುತ್ತೇನೆ’ ಎಂಬುದು ನಮಗೆ ಇಂದಿಗೂ ಸರಿ, ನಾಳೆಗೂ ಸರಿ. ಹಾಗಾಗಿ ದಿನನಿತ್ಯದ ರೂಢಿಯನ್ನು ಹೇಳುವಾಗಲೂ ‘ಐ ವಿಲ್ ಕೀಪ್’ ಎನ್ನುತ್ತೇವೆ. ರೂಢಿಗೆ ‘ಐ ಕೀಪ್’ ಎಂದರೆ ಸಾಕು. ‘ಎವ್ರಿ’ಯನ್ನು ‘ಯೆವ್ರಿ’, ‘ಓನ್ಲಿ’ಯನ್ನು ‘ವೊನ್ಲಿ’ ಎನ್ನುವುದೂ ನಮ್ಮ ನಾಲಗೆಯ ಅಭ್ಯಾಸವೇ. ನಮ್ಮ ಧಾಟಿಗೆ ನಾಚಬೇಕಿಲ್ಲ. ಕೇಳುವವರಿಗೆ ಸ್ಪಷ್ಟವಾಗಿ ತಿಳಿಯಬೇಕು, ಅಷ್ಟೇ.

ಉತ್ತರ ಮನೆಯಲ್ಲೇ ಇತ್ತು

"ನಿಮ್ಮ ಮನೆಯಲ್ಲಿ ಔಷಧಿ ಎಲ್ಲಿಡುತ್ತೀರಿ?" ಎಂದು ಕನ್ನಡದಲ್ಲಿ ಕೇಳಿದೆ. ಹುಡುಗಿ ತಡವರಿಸದೆ ಹೇಳಿದಳು. ಅಮ್ಮಿಯ ಸಕ್ಕರೆ ಕಾಯಿಲೆಯ ಮಾತ್ರೆ, ದಾದಿಯ ಬಿಪಿ ಮಾತ್ರೆ ಒಂದೇ ಡಬ್ಬಿಯಲ್ಲಿದ್ದವಂತೆ. ಒಂದು ದಿನ ದಾದಿ ಕಣ್ಣು ಮಂಜಾಗಿ ಅಮ್ಮಿಯ ಮಾತ್ರೆ ನುಂಗಿದರು. ಸ್ವಲ್ಪ ಹೊತ್ತಿಗೆ ಬೆವರು, ನಡುಕ. ಸಕ್ಕರೆ ನೀರು ಕುಡಿಸಿ ಆಸ್ಪತ್ರೆಗೆ ಕರೆದೊಯ್ದರು, ದಾದಿ ಉಳಿದರು. ಅಂದಿನಿಂದ ಎರಡು ಡಬ್ಬಿ, ಎರಡು ಬಣ್ಣ.

"ಇದನ್ನೇ ಇಂಗ್ಲಿಷಿನಲ್ಲಿ ಹೇಳು" ಎಂದೆ. ನಿಧಾನವಾಗಿ ಬಂತು: "ಐ ಕೀಪ್ ಮೈ ಗ್ರ್ಯಾಂಡ್‌ಮದರ್ಸ್ ಟ್ಯಾಬ್ಲೆಟ್ಸ್ ಇನ್ ಎ ರೆಡ್ ಬಾಕ್ಸ್, ಬಿಕಾಸ್ ಶಿ ಒನ್ಸ್ ಟುಕ್ ದ ರಾಂಗ್ ಒನ್." ಇದರಲ್ಲಿ ರೂಢಿ ಇದೆ, ಕಾರಣ ಇದೆ, ನಡೆದ ಘಟನೆ ಇದೆ. ಮಾಡುವುದೇನು, ಏಕೆ, ಒಮ್ಮೆ ಏನಾಯಿತು ಎಂಬ ಈ ಮೂರು ಮೆಟ್ಟಿಲು ಹತ್ತಿದರೆ ಯಾವ ಪ್ರಶ್ನೆಗೂ ಮೂರು ವಾಕ್ಯ ಸಿಗುತ್ತದೆ.

ಉತ್ತರ ನಿಜವಾಗಬೇಕಾದರೆ ಮನೆಯೂ ಹಾಗಿರಬೇಕು. ಮಾತ್ರೆಗಳನ್ನು ಅವುಗಳ ಪಟ್ಟಿಯಿಂದ ಬಿಡಿಸಿಡಬೇಡಿ, ಹೆಸರು ಮತ್ತು ಅವಧಿಯ ದಿನಾಂಕ ಅದರ ಮೇಲೆಯೇ ಇರುತ್ತದೆ. ಬಚ್ಚಲುಮನೆಯ ತೇವ ಔಷಧಿಗೆ ಆಗದು. ಮಾಜೂನ್, ಖಮೀರಾ ಡಬ್ಬಿಗೆ ಒದ್ದೆ ಚಮಚ ಹಾಕಬೇಡಿ, ಬೂಸ್ಟು ಹಿಡಿಯುತ್ತದೆ. ಸೀಮೆಎಣ್ಣೆ, ಫಿನಾಯಿಲನ್ನು ತಂಪು ಪಾನೀಯದ ಖಾಲಿ ಬಾಟಲಿಗೆ ಎಂದೂ ತುಂಬಬೇಡಿ. ಮಕ್ಕಳು ಕುಡಿಯುವ ಅಪಾಯವಿದೆ. ಒಂದು ವೇಳೆ ಕುಡಿದರೆ ವಾಂತಿ ಮಾಡಿಸಲು ಹೋಗದೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

ಗಂಟಲು ಒಣಗುವುದಕ್ಕೆ

ಯುನಾನಿಯಲ್ಲಿ ಆರೋಗ್ಯಕ್ಕೆ ಆರು ಅನಿವಾರ್ಯ ಕಾರಣಗಳನ್ನು ಹೇಳುತ್ತೇವೆ. ಗಾಳಿ, ಆಹಾರ, ನಿದ್ದೆಗಳ ಸಾಲಿನಲ್ಲಿ ಮನಸ್ಸಿನ ಚಲನೆ ಮತ್ತು ವಿಶ್ರಾಂತಿಗೂ ಸ್ಥಾನವಿದೆ. ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಟ್ಟು ಉತ್ತರ ಉರುಹಚ್ಚುವುದರಿಂದ ಮನಸ್ಸಿನ ವಿಶ್ರಾಂತಿ ಹಾಳು. ಬೇಗ ಮಲಗಿ. ಬೆಳಿಗ್ಗೆ ಹಗುರ ತಿಂಡಿ ತಿನ್ನಿ, ಹೆಚ್ಚು ಚಹಾ ಬೇಡ. ಕೋಣೆಗೆ ಹೋಗುವ ಮೊದಲು ಒಂದೆರಡು ಗುಟುಕು ನೀರು ಕುಡಿದು, ಉಸಿರನ್ನು ನಿಧಾನವಾಗಿ ಒಳಗೆಳೆದು ಇನ್ನೂ ನಿಧಾನವಾಗಿ ಬಿಡಿ. ಐದಾರು ಸಲ ಸಾಕು.

ಮನೆಮಂದಿಗೂ ಒಂದು ಕೆಲಸವಿದೆ. ಮಗಳು ಬಟ್ಟೆ ಮಡಚುವಾಗ, ಕಪಾಟು ಜೋಡಿಸುವಾಗ ಮಾಡುತ್ತಿರುವುದನ್ನೇ ಇಂಗ್ಲಿಷಿನಲ್ಲಿ ಜೋರಾಗಿ ಹೇಳಲಿ. ದಿನಕ್ಕೆ ಹತ್ತು ನಿಮಿಷ ಸಾಕು. ತಪ್ಪಾದಾಗ ನಗಬೇಡಿ. ನಗುವಿಗೆ ಹೆದರಿದ ನಾಲಗೆ ಪರೀಕ್ಷಕರ ಮುಂದೆಯೂ ತೆರೆಯುವುದಿಲ್ಲ.

ಆ ಹುಡುಗಿಗೆ ನಾನು ಔಷಧ ಬರೆಯಲಿಲ್ಲ. ಮುಂದಿನ ವಾರ ಬಂದಾಗ ಅವಳು ಬಾಗಿಲಲ್ಲೇ ನಿಂತು, ನನ್ನ ಮೇಜಿನ ಮೇಲೆ ಹರಡಿದ್ದ ಕಾಗದಗಳನ್ನು ನೋಡಿ, "ಡಾಕ್ಟರ್ ಸಾಬ್, ಆರ್ ಯು ಎ ಟೈಡಿ ಪರ್ಸನ್?" ಎಂದಳು. ಉತ್ತರಿಸಲು ನಾನೇ ತಡವರಿಸಿದೆ.