ಏಳು ಬಿಲ್ಲೆ, ಐವತ್ತು ಅಂಕ

ಸ್ಕ್ರ್ಯಾಬಲ್ ಆಟದಲ್ಲಿ ಕೈಯಲ್ಲಿರುವ ಏಳೂ ಅಕ್ಷರ ಬಿಲ್ಲೆಗಳನ್ನು ಒಂದೇ ಸರದಿಯಲ್ಲಿ ಮಣೆಯ ಮೇಲಿಟ್ಟವರಿಗೆ 50 ಹೆಚ್ಚುವರಿ ಅಂಕ. ಸೋಲುವ ಪಂದ್ಯವನ್ನೂ ಗೆಲ್ಲಿಸಬಲ್ಲ ಈ ಅಂಕ ನಿಘಂಟನ್ನು ಬಾಯಿಪಾಠ ಮಾಡಿದವರಿಗಷ್ಟೇ ಮೀಸಲೆಂಬ ಭಾವನೆಯಿದೆ. ಅದು ಪೂರ್ಣ ನಿಜವಲ್ಲ.

ಅನುಭವಿ ಆಟಗಾರರು ಮೊದಲು ಹುಡುಕುವುದು ಪದವನ್ನಲ್ಲ, ಪದದ ಬಾಲವನ್ನು. ಐ, ಎನ್, ಜಿ ಮೂರೂ ಇದ್ದರೆ ಅವನ್ನು ಬಲತುದಿಗೆ ಸರಿಸುತ್ತಾರೆ. ಉಳಿದ ನಾಲ್ಕರಲ್ಲಿ ಕ್ರಿಯಾಪದವೊಂದು ಕಂಡು, ಮಣೆಯಲ್ಲಿ ಜಾಗವಿದ್ದರೆ ಸಾಕು. ಎ, ಇ, ಐ, ಎನ್, ಆರ್, ಎಸ್, ಟಿ ದೊರೆತವರಂತೂ ಭಾಗ್ಯವಂತರು. ರಿಟೇನ್ಸ್, ರೆಟಿನಾಸ್, ನಾಸ್ಟಿಯರ್ ಎಲ್ಲವೂ ಆ ಏಳರಿಂದಲೇ ಹುಟ್ಟುತ್ತವೆ.

ಎಸ್ ಬಿಲ್ಲೆಯನ್ನು ಮಾತ್ರ ದುಡುಕಿ ಕಳೆಯಬಾರದು. 1930ರ ದಶಕದಲ್ಲಿ ಪತ್ರಿಕೆಗಳ ಅಕ್ಷರಗಳನ್ನು ಎಣಿಸಿ ಈ ಆಟ ರೂಪಿಸಿದ ಅಮೆರಿಕದ ವಾಸ್ತುಶಿಲ್ಪಿ ಆಲ್‌ಫ್ರೆಡ್ ಬಟ್ಸ್, ಬಹುವಚನ ತೀರಾ ಸುಲಭವಾಗದಿರಲೆಂದು 100 ಬಿಲ್ಲೆಗಳಲ್ಲಿ ಎಸ್‌ಗೆ ಕೊಟ್ಟದ್ದು ನಾಲ್ಕೇ.

ಗಣಕಯಂತ್ರದ ದಾರಿ ಬೇರೆ. ನಿಘಂಟಿನ ಪ್ರತಿ ಪದದ ಅಕ್ಷರಗಳನ್ನೂ ಅದು ವರ್ಣಮಾಲೆಯ ಕ್ರಮದಲ್ಲಿ ಜೋಡಿಸಿಟ್ಟುಕೊಳ್ಳುತ್ತದೆ. ಕೈಯಲ್ಲಿರುವ ಅಕ್ಷರಗಳನ್ನೂ ಹಾಗೆಯೇ ಜೋಡಿಸಿದರೆ ಮೇಲಿನ ಮೂರು ಪದಗಳಿಗೂ ಒಂದೇ ಕೀಲಿ; ಹೋಲಿಸಿದೊಡನೆ ಮೂರೂ ಹೊರಬೀಳುತ್ತವೆ. ಪಂದ್ಯದ ಮೇಜಿನಲ್ಲಿ ಇದಕ್ಕೆ ಅವಕಾಶವಿಲ್ಲ, ಮನೆಯ ಅಭ್ಯಾಸಕ್ಕೆ ಅಡ್ಡಿಯಿಲ್ಲ.